ಕೇಳುಗರ ಪಟ್ಟಿ ನಿಮ್ಮ ಕೈಯಲ್ಲಿರಲಿ: ಸೋಶಿಯಲ್ ಮೀಡಿಯಾ ನೆಚ್ಚಿಕೊಳ್ಳದೆ ಅಭಿಮಾನಿಗಳ ನಂಟು ಉಳಿಸಿಕೊಳ್ಳಲು ಸಮಗ್ರ ಮಾರ್ಗದರ್ಶಿ

ಮೈಸೂರು, ಮಂಡ್ಯದಲ್ಲಿ ಹಾಡುವವರಿಗೆ ಕೇಳುಗರ ಕೊರತೆ ಇಲ್ಲ. ಗಣೇಶನ ಹಬ್ಬ ಬಂತೆಂದರೆ ಒಂಟಿಕೊಪ್ಪಲಿನ ಎಂಟನೇ ಕ್ರಾಸ್ ಪೆಂಡಾಲಿನಲ್ಲಿ ಕಚೇರಿ. ಅದರ ಬೆನ್ನಿಗೇ ದಸರಾ. ಕುವೆಂಪುನಗರದ ಗಾನಭಾರತಿಯಲ್ಲಿ, ಕಲಾಮಂದಿರದಲ್ಲಿ ಕಾರ್ಯಕ್ರಮಗಳು. ಮಂಡ್ಯದ ಊರುಗಳಲ್ಲಿ ಹಬ್ಬಕ್ಕೆ ಪೂಜಾ ಕುಣಿತ, ತಂಬೂರಿ ಪದ, ರಾತ್ರಿಗೆ ಆರ್ಕೆಸ್ಟ್ರಾ. ಜನ ಬರುತ್ತಾರೆ, ಮನಸಾರೆ ಕೇಳುತ್ತಾರೆ, ಮನೆಗೆ ಹೋಗುತ್ತಾರೆ. ಅವರು ಯಾರು? ನಿಮ್ಮ ಮುಂದಿನ ಹಾಡು ಬಂದಾಗ ಅವರಿಗೆ ತಿಳಿಸುವುದು ಹೇಗೆ?

‘ಇನ್‌ಸ್ಟಾಗ್ರಾಂ ಇದೆಯಲ್ಲ’ ಅನ್ನಬಹುದು. ಇದೆ. ಆದರೆ ಅಲ್ಲಿ ಎಷ್ಟೇ ಫಾಲೋವರ್‌ಗಳಿದ್ದರೂ ಅವರ ವಿಳಾಸ ನಿಮ್ಮ ಹತ್ತಿರ ಇರುವುದಿಲ್ಲ. ನಿಮ್ಮ ಪೋಸ್ಟ್ ಯಾರಿಗೆ ಕಾಣಬೇಕು ಅಂತ ತೀರ್ಮಾನಿಸುವುದು ಕಂಪನಿ. ಆ ಜಾಗ ಮುಚ್ಚಿದರೆ ಕೇಳುಗರೂ ಕೈಬಿಟ್ಟು ಹೋಗುತ್ತಾರೆ. ಹೀಗೆ ಆಗಿದೆ ಕೂಡ. 2014ರ ಸೆಪ್ಟೆಂಬರ್ 30ಕ್ಕೆ ಆರ್ಕುಟ್ ಮುಚ್ಚಿತು. ಮೈಸ್ಪೇಸ್‌ನಲ್ಲಿ ಸಂಗೀತಗಾರರು 12 ವರ್ಷ ಹಾಕಿಟ್ಟಿದ್ದ ಹಾಡುಗಳು ಸರ್ವರ್ ಬದಲಿಸುವಾಗ ಅಳಿಸಿಹೋದವು ಅಂತ 2019ರಲ್ಲಿ ಗೊತ್ತಾಯಿತು. 2020ರ ಜೂನ್ 29ರಂದು ನಮ್ಮ ದೇಶದಲ್ಲಿ ಟಿಕ್‌ಟಾಕ್ ನಿಷೇಧವಾಯಿತು. ಅಲ್ಲಿ ಹಾಡಿ ಹೆಸರು ಮಾಡಿದವರು ಮತ್ತೆ ಮೊದಲಿನಿಂದ ಶುರು ಮಾಡಬೇಕಾಯಿತು.

ಸ್ವಂತ ಜಾಗದಿಂದ ಕೇಳುಗರನ್ನು ತಲುಪುವ ಕೆಲಸ ಮೈಸೂರಿಗೆ ಹೊಸದಲ್ಲ. 1935ರಲ್ಲಿ ಮನಃಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಡಾ. ಎಂ.ವಿ. ಗೋಪಾಲಸ್ವಾಮಿ ತಮ್ಮ ಮನೆಯಲ್ಲೇ ಸಣ್ಣ ಟ್ರಾನ್ಸ್‌ಮಿಟರ್ ಇಟ್ಟು ರೇಡಿಯೋ ಶುರು ಮಾಡಿದರು. ಮೈಸೂರು ಆಕಾಶವಾಣಿ ಹುಟ್ಟಿದ್ದು ಹಾಗೆ. ಇವತ್ತು ಅದೇ ಕೆಲಸಕ್ಕೆ ಟ್ರಾನ್ಸ್‌ಮಿಟರ್ ಬೇಡ. ಒಂದು ಡೊಮೇನ್ (ಅಂದರೆ ಇಂಟರ್ನೆಟ್‌ನಲ್ಲಿ ನಿಮ್ಮದೇ ಹೆಸರಿನ ವಿಳಾಸ), ಒಂದು ವೆಬ್‌ಸೈಟ್, ಒಂದು ಮೇಲ್ ಪಟ್ಟಿ ಸಾಕು.

ಇರುವ ಖಾತೆಗಳು ಇರಲಿ. ಹೊಸಬರು ನಿಮ್ಮನ್ನು ಮೊದಲು ನೋಡುವುದು ಅಲ್ಲೇ. ಅಲ್ಲಿ ನೋಡಿದವರನ್ನು, ಸಭಾಂಗಣದಲ್ಲಿ ಕೇಳಿದವರನ್ನು ನಿಮ್ಮ ಸ್ವಂತ ಜಾಗಕ್ಕೆ ಕರೆತರುವ ದಾರಿಯನ್ನು ಮುಂದೆ ಒಂದೊಂದಾಗಿ ಹೇಳುತ್ತೇನೆ.

ಹೆಜ್ಜೆ 1: ಡೊಮೇನ್ ಕೊಳ್ಳಿ

ನಿಮ್ಮ ಅಥವಾ ತಂಡದ ಹೆಸರಿನಲ್ಲಿ ಡೊಮೇನ್ ತೆಗೆದುಕೊಳ್ಳಿ. ಡಾಟ್ ಇನ್ ವಿಳಾಸಕ್ಕೆ ವರ್ಷಕ್ಕೆ ಸುಮಾರು 500ರಿಂದ 1,000 ರೂಪಾಯಿ ಆಗುತ್ತದೆ. ಮೊದಲ ವರ್ಷ ತೀರಾ ಅಗ್ಗಕ್ಕೆ ಕೊಟ್ಟು ಎರಡನೇ ವರ್ಷ ದರ ಏರಿಸುವವರಿದ್ದಾರೆ. ಹಾಗಾಗಿ ನವೀಕರಣದ ದರ ನೋಡಿ ಕೊಳ್ಳಿ. ಕನ್ನಡ ಅಕ್ಷರದಲ್ಲೇ ‘ಡಾಟ್ ಭಾರತ’ ವಿಳಾಸ ಕೂಡ ಸಿಗುತ್ತದೆ. ಅದು ಇದ್ದರೆ ಚೆಂದ. ಆದರೆ ಕೆಲವು ಮೇಲ್ ಸೇವೆಗಳು, ಫಾರಂಗಳು ಅದನ್ನು ಇನ್ನೂ ಸರಿಯಾಗಿ ಒಪ್ಪುವುದಿಲ್ಲ. ಮೊದಲ ವಿಳಾಸ ಇಂಗ್ಲಿಷ್ ಅಕ್ಷರದಲ್ಲಿರಲಿ. ಫೋನಿನಲ್ಲಿ ಒಮ್ಮೆ ಹೇಳಿದರೆ ಬರೆದುಕೊಳ್ಳುವಂತಿರಲಿ.

ಇಲ್ಲಿ ಒಂದು ಮಾತು ಒತ್ತಿ ಹೇಳಬೇಕು. ವೆಬ್‌ಸೈಟ್ ಮಾಡಿಕೊಡುವ ಹುಡುಗನ ಖಾತೆಯಲ್ಲಿ ಡೊಮೇನ್ ಕೊಳ್ಳಬೇಡಿ. ಅವನು ಎಷ್ಟೇ ಒಳ್ಳೆಯವನಿರಲಿ, ಖಾತೆ ನಿಮ್ಮ ಮೇಲ್‌ನಲ್ಲೇ ಇರಬೇಕು. ಪಾಸ್‌ವರ್ಡ್ ನಿಮ್ಮ ಹತ್ತಿರವೇ ಇರಬೇಕು. ಎರಡು ಹಂತದ ಪರಿಶೀಲನೆ ಹಾಕಿಕೊಳ್ಳಿ. ತಾನಾಗಿ ನವೀಕರಣ ಆಗುವ ಆಯ್ಕೆಯನ್ನೂ ಒತ್ತಿಡಿ.

ಹೆಜ್ಜೆ 2: ಒಂದೇ ಪುಟದಿಂದ ಶುರು ಮಾಡಿ

ಹತ್ತು ಪುಟದ ವೆಬ್‌ಸೈಟ್ ಬೇಡ. ಬಂದವರು ಹಾಡು ಕೇಳಬೇಕು, ಮುಂದಿನ ಕಾರ್ಯಕ್ರಮ ಎಲ್ಲಿ ಅಂತ ತಿಳಿಯಬೇಕು, ತಮ್ಮ ವಿಳಾಸ ಕೊಟ್ಟು ಹೋಗಬೇಕು. ಇಷ್ಟಕ್ಕೆ ಒಂದು ಪುಟ ಧಾರಾಳ. ಅದನ್ನು ಮೊಬೈಲ್‌ನಲ್ಲಿ ತೆರೆದು ನೋಡಿ, ಏಕೆಂದರೆ ಹೆಚ್ಚಿನವರು ನೋಡುವುದು ಅದರಲ್ಲೇ. ವರ್ಡ್‌ಪ್ರೆಸ್ ಗೊತ್ತಿದ್ದರೆ ಅದೇ ಆಗುತ್ತದೆ. ಸ್ವಲ್ಪ ಕಂಪ್ಯೂಟರ್ ಬಲ್ಲವರು ಜೊತೆಗಿದ್ದರೆ ಫೇರ್‌ಕ್ಯಾಂಪ್ ಅನ್ನುವ ಉಚಿತ ತಂತ್ರಾಂಶ ನೋಡಿ. ಹಾಡುಗಳನ್ನು ಒಂದು ಫೋಲ್ಡರಿನಲ್ಲಿಟ್ಟು ಕೊಟ್ಟರೆ ಕೇಳಲು, ಇಳಿಸಿಕೊಳ್ಳಲು ಆಗುವ ಇಡೀ ಸೈಟನ್ನೇ ಕಟ್ಟಿಕೊಡುತ್ತದೆ.

ಪುಟದ ತಲೆಬರಹದಲ್ಲಿ ನಿಮ್ಮ ಹೆಸರು ಕನ್ನಡದಲ್ಲೂ ಇರಲಿ, ಇಂಗ್ಲಿಷ್ ಅಕ್ಷರದಲ್ಲೂ ಇರಲಿ. ಜನ ಎರಡೂ ರೀತಿ ಹುಡುಕುತ್ತಾರೆ. ಕಾರ್ಯಕ್ರಮಗಳ ಪಟ್ಟಿಯನ್ನು ಪೋಸ್ಟರ್ ಚಿತ್ರವಾಗಿ ಹಾಕಿ ಸುಮ್ಮನಾಗಬೇಡಿ. ಊರು, ಜಾಗ, ದಿನಾಂಕ, ಹೊತ್ತು ಅಕ್ಷರದಲ್ಲಿರಬೇಕು. ಆಗ ಮಾತ್ರ ಗೂಗಲ್‌ನಲ್ಲಿ ‘ಮಂಡ್ಯ ಗಾಯನ ಕಾರ್ಯಕ್ರಮ’ ಅಂತ ಹುಡುಕಿದವರಿಗೆ ಸಿಗುವ ಸಾಧ್ಯತೆ ಇರುತ್ತದೆ.

ಹೆಜ್ಜೆ 3: ಹಾಡು, ಸಾಹಿತ್ಯ, ಹಕ್ಕು

ನಿಮ್ಮ ಸೈಟಿಗೆ ಹೊಸಬರನ್ನು ತರುವ ದೊಡ್ಡ ದಾರಿ ಸಾಹಿತ್ಯ. ಹಬ್ಬಕ್ಕೆ, ಮದುವೆಗೆ, ಭಜನೆಗೆ ಹಾಡಬೇಕಾದವರು ಮೊದಲು ಹುಡುಕುವುದೇ ಹಾಡಿನ ಸಾಲುಗಳನ್ನು. ಪ್ರತಿ ಹಾಡಿಗೂ ಒಂದು ಪುಟ ಮಾಡಿ. ಮೇಲೆ ಕೇಳುವ ಬಟನ್, ಕೆಳಗೆ ಪೂರ್ತಿ ಸಾಹಿತ್ಯ, ರಾಗ, ತಾಳ, ಯಾರು ನುಡಿಸಿದರು ಅನ್ನುವ ವಿವರ. ಸೋಬಾನೆ ಪದವಾದರೆ ಯಾವ ಊರಿನ ಪಾಠ, ಯಾರಿಂದ ಕಲಿತದ್ದು ಅಂತ ಅವರನ್ನು ಕೇಳಿಕೊಂಡು ಬರೆಯಿರಿ. ಸಾಹಿತ್ಯವನ್ನು ಯೂನಿಕೋಡ್‌ನಲ್ಲೇ (ಎಲ್ಲ ಫೋನ್, ಕಂಪ್ಯೂಟರ್‌ಗಳಲ್ಲೂ ಸರಿಯಾಗಿ ಕಾಣುವ ಅಕ್ಷರ ವಿಧಾನ) ಟೈಪ್ ಮಾಡಿಸಿ. ಹಳೆಯ ‘ನುಡಿ’, ‘ಬರಹ’ ತಂತ್ರಾಂಶಗಳ ಫಾಂಟಿನಲ್ಲಿರುವ ಫೈಲನ್ನು ಹಾಗೇ ಅಂಟಿಸಿದರೆ ಅರ್ಥವಾಗದ ಅಕ್ಷರ ಬರುತ್ತದೆ. ಪರಿವರ್ತಿಸುವ ಉಪಕರಣಗಳು ಉಚಿತವಾಗಿ ಸಿಗುತ್ತವೆ. ಆದರೆ ಒತ್ತಕ್ಷರಗಳನ್ನು ಒಮ್ಮೆ ಕಣ್ಣಾರೆ ನೋಡಿ ತಿದ್ದಿ.

ಐದು ನಿಮಿಷದ ಹಾಡು 320 ಕೆಬಿಪಿಎಸ್ (ಧ್ವನಿಯ ಗುಣಮಟ್ಟದ ಅಳತೆ) ಎಂಪಿ3ಯಲ್ಲಿ ಸುಮಾರು 12 ಎಂಬಿ ಆಗುತ್ತದೆ. 128ರಲ್ಲಿ ಐದು ಎಂಬಿಯ ಆಸುಪಾಸು. ಪುಟದಲ್ಲಿ ಕೇಳಲು ಚಿಕ್ಕದು, ಇಳಿಸಿಕೊಳ್ಳಲು ದೊಡ್ಡದು ಇಡಿ. ಎಂಪಿ3 ಬೇಕೇ ಬೇಕು. ಆಟೋ, ಟ್ರ್ಯಾಕ್ಟರ್‌ನಲ್ಲಿ ಪೆನ್‌ಡ್ರೈವ್ ಹಾಕಿ ಕೇಳುವವರು ನಿಮ್ಮ ನಿಜವಾದ ಕೇಳುಗರು, ಅವರನ್ನು ಮರೆಯಬಾರದು.

ಫೈಲಿನ ಒಳಗೂ ಹೆಸರು ತುಂಬಿಸಿ. ಹಾಡುಗಾರರು, ಆಲ್ಬಂ, ವರ್ಷ, ವೆಬ್‌ಸೈಟ್ ವಿಳಾಸ ಇವೆಲ್ಲ ಟ್ಯಾಗ್‌ನಲ್ಲಿ, ಅಂದರೆ ಫೈಲಿನ ಜೊತೆಗೇ ಹೋಗುವ ವಿವರದಲ್ಲಿ ಇರಬೇಕು. ಕೊನೆಗಾಲದಲ್ಲಿ ಮೈಸೂರಿನಲ್ಲಿದ್ದು 1930ರಲ್ಲಿ ಇಲ್ಲೇ ತೀರಿಕೊಂಡ ಗೌಹರ್ ಜಾನ್ ಭಾರತದಲ್ಲಿ ಮೊದಮೊದಲು ಗ್ರಾಮಫೋನಿಗೆ ಹಾಡಿದವರಲ್ಲಿ ಒಬ್ಬರು. ಅವರು ತಮ್ಮ ಪ್ಲೇಟುಗಳಲ್ಲಿ ಹಾಡು ಮುಗಿದ ಮೇಲೆ ತಮ್ಮ ಹೆಸರನ್ನು ತಾವೇ ಹೇಳುತ್ತಿದ್ದರು. ಇವತ್ತು ವಾಟ್ಸಾಪ್‌ನಲ್ಲಿ ಕೈಯಿಂದ ಕೈಗೆ ಹೋಗುವ ಫೈಲಿನಲ್ಲಿ ಆ ಕೆಲಸವನ್ನು ಟ್ಯಾಗ್ ಮಾಡುತ್ತದೆ.

ಹಕ್ಕಿನ ವಿಷಯ ಬಿಡುವಂತಿಲ್ಲ. ನಿಮ್ಮದೇ ಸೈಟಿನಲ್ಲಿ ಹಾಡು ಮಾರಿದರೆ ಹೊಣೆಯೂ ನಿಮ್ಮದೇ. ನಮ್ಮ ಕಾನೂನಿನಲ್ಲಿ ಕವಿ ಬದುಕಿದ್ದಾಗ ಪ್ರಕಟವಾದ ಕೃತಿಯ ಹಕ್ಕು ಅವರು ತೀರಿಕೊಂಡ ನಂತರ ಇನ್ನೂ 60 ವರ್ಷ ಇರುತ್ತದೆ. ಲೆಕ್ಕ ತೀರಿಕೊಂಡ ಮರುವರ್ಷದ ಜನವರಿಯಿಂದ. ಮಂಡ್ಯ ಜಿಲ್ಲೆಯವರಾದ ಕೆ.ಎಸ್. ನರಸಿಂಹಸ್ವಾಮಿ ತೀರಿಕೊಂಡದ್ದು 2003ರಲ್ಲಿ, ಮೇಲುಕೋಟೆಯ ಪು.ತಿ.ನ. 1998ರಲ್ಲಿ. ಅಂದರೆ ಒಬ್ಬರ ಕವಿತೆಗೆ 2063ರ ಕೊನೆಯವರೆಗೆ, ಇನ್ನೊಬ್ಬರದಕ್ಕೆ 2058ರ ಕೊನೆಯವರೆಗೆ ಹಕ್ಕುದಾರರ ಅನುಮತಿ ಬೇಕು. ಪುಟದಲ್ಲಿ ಸಾಹಿತ್ಯ ಹಾಕಲೂ ಬೇಕು. ಮೈಸೂರು ವಾಸುದೇವಾಚಾರ್ಯರು 1961ರಲ್ಲಿ ತೀರಿಕೊಂಡರು. ಅವರು ಇದ್ದಾಗ ಪ್ರಕಟವಾದ ಕೃತಿಗಳಿಗೆ ಈ ಅವಧಿ 2021ಕ್ಕೆ ಮುಗಿದಿದೆ. ವಚನ, ದಾಸರ ಪದ, ಶರೀಫರ ತತ್ವಪದಗಳ ಸಾಹಿತ್ಯ ಎಲ್ಲರದು. ಆದರೆ ಈಚಿನವರು ಹಾಕಿದ ರಾಗ ಸಂಯೋಜನೆ ಹಾಡಿದರೆ ಆ ಸಂಯೋಜಕರನ್ನು ಕೇಳಬೇಕು.

ಹೆಜ್ಜೆ 4: ವಿಳಾಸ ಸಂಗ್ರಹ

ಇಡೀ ಕೆಲಸದ ಜೀವ ಇಲ್ಲಿದೆ. ಉಳಿದದ್ದೆಲ್ಲ ತಡವಾದರೂ ಇದನ್ನು ಮುಂದಿನ ಕಾರ್ಯಕ್ರಮದಿಂದಲೇ ಶುರು ಮಾಡಿ.

ಒಳ್ಳೆಯ ಹೊತ್ತು ಯಾವುದು? ಕಾರ್ಯಕ್ರಮ ಮುಗಿದ ಮೇಲೆ ಅಲ್ಲ. ಆಗ ಜನಕ್ಕೆ ಬಸ್ಸಿನ ಚಿಂತೆ, ಚಪ್ಪಲಿ ಹುಡುಕುವ ಗಡಿಬಿಡಿ. ಕೊನೆಯ ಹಾಡಿಗೆ ಒಂದು ಹಾಡು ಮುಂಚೆ, ಸಭೆ ನಿಮ್ಮ ಜೊತೆಗಿರುವಾಗ ಹೇಳಿ. ‘ಇವತ್ತಿನ ಒಂದು ಹಾಡಿನ ರೆಕಾರ್ಡಿಂಗ್ ನಿಮಗೆ ಕಳಿಸುತ್ತೇವೆ. ಬಾಗಿಲ ಹತ್ತಿರ ಪುಸ್ತಕ ಇದೆ, ಹೆಸರು, ಮೇಲ್ ಬರೆದು ಹೋಗಿ.’ ಇಷ್ಟೇ ಸಾಕು. ಹೇಳಿದ ಮೇಲೆ ಎರಡು ದಿನದೊಳಗೆ ಕಳಿಸಲೇಬೇಕು.

ಕ್ಯೂಆರ್ ಕೋಡ್ ಹಾಕಿ. ಆದರೆ ಅದೊಂದನ್ನೇ ನಂಬಬೇಡಿ. ಪೆಂಡಾಲಿನಲ್ಲಿ ಮುಂದಿನ ಸಾಲಲ್ಲಿ ಕೂತು ತಾಳ ಹಾಕುವ ಹಿರಿಯರು ಪುಸ್ತಕದಲ್ಲೇ ಬರೆಯಲು ಇಷ್ಟಪಡುತ್ತಾರೆ. ಪುಸ್ತಕದ ಹತ್ತಿರ ತಂಡದ ಒಬ್ಬರು ನಿಂತಿರಲಿ. ಬರೆದ ಮೇಲೆ ಅಲ್ಲೇ ಓದಿ ಖಚಿತ ಮಾಡಿಕೊಳ್ಳಲಿ. ಒಂದು ಚುಕ್ಕೆ ತಪ್ಪಿದರೂ ಮೇಲ್ ಹೋಗುವುದಿಲ್ಲ. ಒಂದು ಹಾಳೆಗೆ ಹತ್ತು ಜನ ಬರೆಯುವ ಪುಸ್ತಕಕ್ಕಿಂತ ಒಬ್ಬೊಬ್ಬರಿಗೆ ಒಂದು ಚೀಟಿ ಮೇಲು. ಹಿಂದೆ ನಿಂತವರಿಗೆ ಇನ್ನೊಬ್ಬರ ನಂಬರ್ ಕಾಣುವುದಿಲ್ಲ, ಹೆಣ್ಣುಮಕ್ಕಳು ಹಿಂಜರಿಯದೆ ಕೊಡುತ್ತಾರೆ.

ಚೀಟಿಯ ಮೇಲೆ ಹೀಗೆ ಅಚ್ಚು ಹಾಕಿಸಿ: ‘ನಮ್ಮ ಹೊಸ ಹಾಡು, ಕಾರ್ಯಕ್ರಮಗಳ ಸುದ್ದಿ ತಿಂಗಳಿಗೊಮ್ಮೆ ಕಳಿಸುತ್ತೇವೆ. ನಿಮ್ಮ ವಿಳಾಸ ಬೇರೆ ಯಾರಿಗೂ ಕೊಡುವುದಿಲ್ಲ. ಬೇಡವೆನಿಸಿದರೆ ಒಂದು ಕ್ಲಿಕ್‌ನಲ್ಲಿ ಬಿಡಬಹುದು.’ ಒಪ್ಪಿಗೆ ಕೇಳುವುದು ಮರ್ಯಾದೆ. 2023ರಲ್ಲಿ ಬಂದ ವೈಯಕ್ತಿಕ ದತ್ತಾಂಶ ರಕ್ಷಣೆ ಕಾಯ್ದೆಯ ತಿರುಳೂ ಒಪ್ಪಿಗೆಯೇ. ಸಂಘಟಕರು ಕೊಟ್ಟ ಆಹ್ವಾನಿತರ ಪಟ್ಟಿಯನ್ನು ನಿಮ್ಮ ಪಟ್ಟಿಗೆ ಸೇರಿಸಬೇಡಿ. ಆ ಜನ ಒಪ್ಪಿದ್ದು ಸಂಘಟಕರಿಗೆ, ನಿಮಗಲ್ಲ.

ಹೆಸರು, ಮೇಲ್ ಜೊತೆ ಊರು ಕೂಡ ಕೇಳಿ. ಇದು ಸಣ್ಣ ವಿಷಯ ಅನಿಸಬಹುದು. ಆದರೆ ಮದ್ದೂರಿನಲ್ಲಿ ಕಾರ್ಯಕ್ರಮ ಇದ್ದಾಗ ಮದ್ದೂರು, ಮಂಡ್ಯ, ಮಳವಳ್ಳಿಯವರಿಗೆ ಮಾತ್ರ ನೆನಪಿಸಬಹುದು. ಶಿವಮೊಗ್ಗದವರಿಗೆ ಬೇಡದ ಮೇಲ್ ಹೋಗುವುದಿಲ್ಲ.

ವೆಬ್‌ಸೈಟಿನ ಫಾರಂನಲ್ಲಿ ಸೇರುವವರಿಗೆ ಖಚಿತಪಡಿಸುವ ಮೇಲ್ ಹೋಗಲಿ. ಅದರಲ್ಲಿನ ಕೊಂಡಿ ಒತ್ತಿದ ಮೇಲೆಯೇ ಪಟ್ಟಿಗೆ ಸೇರಲಿ. ತಪ್ಪು ವಿಳಾಸಗಳು ಅಲ್ಲೇ ನಿಲ್ಲುತ್ತವೆ.

ಪಟ್ಟಿ ನೋಡಿಕೊಳ್ಳಲು ಬ್ರೆವೊ, ಬಟನ್‌ಡೌನ್, ಮೇಲ್‌ಚಿಂಪ್ ಥರದ ಸೇವೆಗಳಿವೆ. ಸಣ್ಣ ಪಟ್ಟಿಗೆ ಉಚಿತವಾಗಿ ಶುರು ಮಾಡಬಹುದು. ಸ್ವಂತ ಸರ್ವರ್ ಇದ್ದರೆ ಲಿಸ್ಟ್‌ಮಾಂಕ್ ಅನ್ನುವ ಮುಕ್ತ ತಂತ್ರಾಂಶ ಇದೆ. ಯಾವುದನ್ನು ಆರಿಸಿದರೂ ಒಂದು ಪರೀಕ್ಷೆ ಮಾಡಿ. ಪೂರ್ತಿ ಪಟ್ಟಿಯನ್ನು ಸಿಎಸ್‌ವಿ ಫೈಲ್ (ಎಕ್ಸೆಲ್‌ನಲ್ಲಿ ತೆರೆಯಬಹುದಾದ ಸರಳ ಪಟ್ಟಿ) ಆಗಿ ಇಳಿಸಿಕೊಳ್ಳಲು ಬಿಡುತ್ತದೆಯಾ? ಬಿಡದಿದ್ದರೆ ಅದು ಬೇಡ.

ಹೆಜ್ಜೆ 5: ಕಾಗದ ಬರೆದ ಹಾಗೆ ಬರೆಯಿರಿ

ಸೇರಿದ ತಕ್ಷಣ ಮೊದಲ ಮೇಲ್ ತಾನಾಗಿ ಹೋಗುವಂತೆ ಮಾಡಿ. ಅದರಲ್ಲಿ ಒಂದು ಹಾಡು ಇಳಿಸಿಕೊಳ್ಳುವ ಕೊಂಡಿ, ನೀವು ಯಾರು ಅಂತ ಎರಡು ಸಾಲು. ಆಮೇಲೆ ತಿಂಗಳಿಗೊಂದು ಸಾಕು. ಗಣೇಶನ ಹಬ್ಬದಿಂದ ದಸರಾ ತನಕ ಕಾರ್ಯಕ್ರಮ ಜಾಸ್ತಿ ಇರುವಾಗ ಎರಡು ಕಳಿಸಿದರೂ ಯಾರೂ ಬೇಸರ ಮಾಡಿಕೊಳ್ಳುವುದಿಲ್ಲ.

ನನ್ನ ಕಣ್ಣಿಗೆ ಬೀಳುವ ಸಂಗೀತಗಾರರ ಮೇಲ್‌ಗಳಲ್ಲಿ ಹೆಚ್ಚಿನವು ಪೋಸ್ಟರಿನ ಭಾಷೆಯಲ್ಲಿರುತ್ತವೆ. ‘ಸರ್ವರಿಗೂ ಆದರದ ಸ್ವಾಗತ’ ಅಂತ ಶುರು, ಕೆಳಗೆ ನಾಲ್ಕು ಲೋಗೋ. ಅದನ್ನು ಓದಿ ಯಾರೂ ಉತ್ತರ ಬರೆಯುವುದಿಲ್ಲ. ಒಬ್ಬ ಕೇಳುಗರನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆಯಿರಿ. ಹೀಗೆ:

ವಿಷಯ: ಮಳೆ ಪದದ ರೆಕಾರ್ಡಿಂಗ್ ಮುಗಿಯಿತು, ಮೊದಲು ನಿಮಗೇ

‘ನಮಸ್ಕಾರ. ಕಳೆದ ತಿಂಗಳು ಕಲಾಮಂದಿರದಲ್ಲಿ ಕೊನೆಗೆ ಹಾಡಿದ ಮಳೆ ಪದ ನೆನಪಿದೆಯಾ? ನಮ್ಮ ಅಜ್ಜಿಗೆ ಬರುತ್ತಿದ್ದದ್ದು ಎರಡು ನುಡಿ ಮಾತ್ರ. ಮೂರನೆಯದು ಮಳವಳ್ಳಿ ಕಡೆಯ ಒಬ್ಬ ದೊಡ್ಡಮ್ಮನಿಂದ ಸಿಕ್ಕಿತು. ಮೂರನ್ನೂ ಸೇರಿಸಿ ಹಾಡಿದ್ದೇವೆ. ಇಲ್ಲಿ ಕೇಳಿ. ನಿಮ್ಮ ಊರಲ್ಲಿ ಇದಕ್ಕೆ ಬೇರೆ ನುಡಿ ಇದ್ದರೆ ಈ ಮೇಲ್‌ಗೇ ಉತ್ತರ ಬರೆಯಿರಿ.’

ಇದರಲ್ಲಿ ಒಂದು ಹಾಡು ಇದೆ, ಅದರ ಹಿಂದಿನ ಕಥೆ ಇದೆ, ಕೇಳುಗರಿಗೆ ಒಂದೇ ಒಂದು ಕೋರಿಕೆ ಇದೆ. ಒಂದು ಮೇಲ್‌ನಲ್ಲಿ ಆಲ್ಬಂ ಕೊಳ್ಳಿ, ಟಿಕೆಟ್ ತೆಗೆಯಿರಿ, ನಾಲ್ಕು ಜನಕ್ಕೆ ಕಳಿಸಿ ಅಂತ ಮೂರು ಕೇಳಿದರೆ ಒಂದೂ ಆಗುವುದಿಲ್ಲ. ಬಂದ ಉತ್ತರಕ್ಕೆ ನೀವೇ ಮರುಉತ್ತರ ಬರೆಯಿರಿ. ಹೀಗೆ ಬಂದ ಮೇಲ್‌ಗಳಿಂದಲೇ ಹೊಸ ಪದ, ಹೊಸ ಕಾರ್ಯಕ್ರಮ, ಮನೆಯ ಸಮಾರಂಭಕ್ಕೆ ಕರೆ ಬರುವುದು.

ಎಷ್ಟು ಜನ ಮೇಲ್ ತೆರೆದರು ಅನ್ನುವ ಲೆಕ್ಕಕ್ಕೆ ಜಾಸ್ತಿ ತಲೆಕೆಡಿಸಿಕೊಳ್ಳಬೇಡಿ. 2021ರಲ್ಲಿ ಆಪಲ್ ತನ್ನ ಮೇಲ್ ಆ್ಯಪ್‌ನಲ್ಲಿ ತಂದ ಖಾಸಗಿತನದ ಬದಲಾವಣೆಯಿಂದ ಆ ಸಂಖ್ಯೆ ನಂಬುವ ಹಾಗಿಲ್ಲ. ಎಷ್ಟು ಜನ ಹಾಡಿನ ಕೊಂಡಿ ಒತ್ತಿದರು, ಎಷ್ಟು ಜನ ಉತ್ತರ ಬರೆದರು, ಇವೆರಡನ್ನು ನೋಡಿ.

ಹೆಜ್ಜೆ 6: ಮೇಲ್ ಸ್ಪ್ಯಾಮಿಗೆ ಬೀಳದಂತೆ

ಉಚಿತ ಜಿಮೇಲ್ ಖಾತೆಯಿಂದ ದಿನಕ್ಕೆ 500 ಜನಕ್ಕೆ ಮಾತ್ರ ಕಳಿಸಬಹುದು. ಎಲ್ಲರನ್ನೂ ಬಿಸಿಸಿಯಲ್ಲಿ ತುಂಬಿ ಕಳಿಸಿದರೆ ಸ್ಪ್ಯಾಮ್ ಆಗುವ ಸಾಧ್ಯತೆ ಹೆಚ್ಚು. ನಿಮ್ಮ ಡೊಮೇನಿನ ವಿಳಾಸದಿಂದ, ಪಟ್ಟಿ ಸೇವೆಯ ಮೂಲಕ ಕಳಿಸಿ. ಆ ಸೇವೆ ಎಸ್‌ಪಿಎಫ್, ಡಿಕಿಮ್, ಡಿಮಾರ್ಕ್ ಅನ್ನುವ ಮೂರು ದಾಖಲೆ ಕೊಡುತ್ತದೆ. ಅವನ್ನು ಡೊಮೇನಿನ ಡಿಎನ್‌ಎಸ್ ಅನ್ನುವ ಸೆಟ್ಟಿಂಗ್‌ನಲ್ಲಿ ಅಂಟಿಸಬೇಕು. ಈ ಮೇಲ್ ನಿಜವಾಗಿ ನಿಮ್ಮದೇ ಅಂತ ತೋರಿಸುವ ಗುರುತು ಅವು. 2024ರ ಫೆಬ್ರವರಿಯಿಂದ ಜಿಮೇಲ್, ಯಾಹೂ ಈ ವಿಷಯದಲ್ಲಿ ಬಿಗಿಯಾಗಿವೆ. ಹಾಡನ್ನು ಅಟ್ಯಾಚ್ ಮಾಡಬೇಡಿ, ಕೊಂಡಿ ಕೊಡಿ. ಪಟ್ಟಿ ಬಿಡುವ ಬಟನ್ ಕಣ್ಣಿಗೆ ಕಾಣುವಂತಿರಲಿ. ಅದು ಸಿಗದವರು ಸ್ಪ್ಯಾಮ್ ಅಂತ ಒತ್ತುತ್ತಾರೆ, ಅದರಿಂದ ಉಳಿದವರಿಗೂ ಮೇಲ್ ತಲುಪುವುದು ಕಷ್ಟವಾಗುತ್ತದೆ.

ಹೆಜ್ಜೆ 7: ಮೇಲ್ ನೋಡದವರು

‘ನಮ್ಮ ಕಡೆ ಮೇಲ್ ಯಾರು ನೋಡ್ತಾರೆ?’ ಈ ಪ್ರಶ್ನೆ ಸರಿಯಾಗಿದೆ. ಹಳ್ಳಿಯ ಕೇಳುಗರಲ್ಲಿ ಬಹಳ ಜನಕ್ಕೆ ವಾಟ್ಸಾಪ್ ಒಂದೇ. ಹಾಗಿದ್ದರೆ ಅದನ್ನು ಬಳಸಿ, ಆದರೆ ನಂಬರುಗಳು ನಿಮ್ಮ ಸ್ವಂತ ಪಟ್ಟಿಯಲ್ಲೂ ಇರಲಿ. ಗ್ರೂಪ್ ಮಾಡಬೇಡಿ. ಗ್ರೂಪ್‌ನಲ್ಲಿ ಒಬ್ಬರ ನಂಬರ್ ಇನ್ನೊಬ್ಬರಿಗೆ ಹೋಗುತ್ತದೆ, ಬೆಳಗಾದರೆ ಶುಭೋದಯದ ಚಿತ್ರಗಳು ತುಂಬುತ್ತವೆ. ಬ್ರಾಡ್‌ಕಾಸ್ಟ್ ಲಿಸ್ಟ್ ಮಾಡಿ. ಅದರಲ್ಲಿ ಒಮ್ಮೆ ಕಳಿಸಿದ್ದು ಒಬ್ಬೊಬ್ಬರಿಗೂ ಬೇರೆಯಾಗಿ ಹೋಗುತ್ತದೆ. ಒಂದು ಲಿಸ್ಟಿಗೆ 256 ಜನ. ನಿಮ್ಮ ನಂಬರ್ ಸೇವ್ ಮಾಡಿಕೊಂಡವರಿಗೆ ಮಾತ್ರ ತಲುಪುತ್ತದೆ, ಹಾಗಾಗಿ ಚೀಟಿ ಬರೆಯುವಾಗಲೇ ಸೇವ್ ಮಾಡಿಸಿ. ಹಾಡಿನ ಫೈಲ್ ಕಳಿಸುವ ಬದಲು ನಿಮ್ಮ ಪುಟದ ಕೊಂಡಿ ಕಳಿಸಿ. ನೂರಾರು ಜನಕ್ಕೆ ಒಟ್ಟಿಗೆ ಎಸ್ಸೆಮ್ಮೆಸ್ ಕಳಿಸಲು ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರದ (ಟ್ರಾಯ್) ನಿಯಮದಂತೆ ಡಿಎಲ್‌ಟಿ ಅನ್ನುವ ವ್ಯವಸ್ಥೆಯಲ್ಲಿ ನೋಂದಣಿ ಬೇಕು. ಸಣ್ಣ ತಂಡಕ್ಕೆ ಆ ಓಡಾಟ ಬೇಡ.

ಹೆಜ್ಜೆ 8: ದುಡ್ಡು

ಕೇಳುಗರಿಂದ ದುಡ್ಡು ಕೇಳಲು ನಾಚಿಕೆ ಬೇಡ. 300 ಜನ ವರ್ಷಕ್ಕೆ 300 ರೂಪಾಯಿ ಕೊಟ್ಟರೆ 90,000 ಆಗುತ್ತದೆ. ಒಂದು ಆಲ್ಬಂ ರೆಕಾರ್ಡಿಂಗಿಗೆ ಅದು ದೊಡ್ಡ ಆಸರೆ.

ಇಲ್ಲಿಯವರಿಗೆ ಯುಪಿಐ ಸುಲಭ. ಪುಟದಲ್ಲಿ ಕ್ಯೂಆರ್ ಹಾಕಿ. ಆದರೆ ಯುಪಿಐ ಐಡಿಯಲ್ಲಿ ನಿಮ್ಮ ಮೊಬೈಲ್ ನಂಬರ್ ಇಲ್ಲದಂತೆ ಬೇರೆ ಐಡಿ ಮಾಡಿಕೊಳ್ಳಿ. ಬರೀ ಕ್ಯೂಆರ್‌ನಲ್ಲಿ ಒಂದು ತೊಡಕಿದೆ. ದುಡ್ಡು ಬರುತ್ತದೆ, ಕೊಟ್ಟವರ ಮೇಲ್ ಸಿಗುವುದಿಲ್ಲ. ಅದಕ್ಕೆ ಪಕ್ಕದಲ್ಲೇ ಸಣ್ಣ ಫಾರಂ ಇಡಿ, ಅಥವಾ ರೇಜರ್‌ಪೇ ಥರದ ಗೇಟ್‌ವೇ (ಆನ್‌ಲೈನ್ ಪಾವತಿ ಸೇವೆ) ಬಳಸಿ. ಅವು ಪ್ರತಿ ಪಾವತಿಯಲ್ಲಿ ಸ್ವಲ್ಪ ಶುಲ್ಕ ಹಿಡಿದುಕೊಳ್ಳುತ್ತವೆ, ಆದರೆ ಕೊಂಡವರ ವಿಳಾಸ ನಿಮಗೆ ಸಿಗುತ್ತದೆ.

ಹೊರದೇಶದ ಕನ್ನಡಿಗರಿಗೆ ಬ್ಯಾಂಡ್‌ಕ್ಯಾಂಪ್ ಅನ್ನುವ ಹಾಡು ಮಾರುವ ತಾಣ ಒಳ್ಳೆಯದು. ಡಿಜಿಟಲ್ ಹಾಡಿಗೆ 15 ಶೇಕಡಾ ತೆಗೆದುಕೊಳ್ಳುತ್ತದೆ, ಪಾವತಿ ಶುಲ್ಕ ಬೇರೆ. ಕೊಂಡವರ ಮೇಲ್ ವಿಳಾಸ ಕಲಾವಿದರಿಗೆ ಸಿಗುತ್ತದೆ, ಅದೇ ದೊಡ್ಡ ಲಾಭ. ಆದರೆ ಅಲ್ಲಿ ದುಡ್ಡು ಬರುವುದು ಪೇಪಾಲ್ ಮೂಲಕ. ಪೇಪಾಲ್ 2021ರ ಏಪ್ರಿಲ್‌ನಿಂದ ಭಾರತದೊಳಗಿನ ಪಾವತಿ ನಿಲ್ಲಿಸಿದೆ. ಆದ್ದರಿಂದ ಅದನ್ನು ಹೊರಗಿನವರಿಗಷ್ಟೇ ಇಟ್ಟುಕೊಳ್ಳಿ. ಬೆಲೆಯ ಬಗ್ಗೆ ನನ್ನ ಸಲಹೆ ಇದು: ಕಡಿಮೆ ಎಂದರೆ ಇಷ್ಟು ಅಂತ ಹಾಕಿ, ಅದಕ್ಕಿಂತ ಹೆಚ್ಚು ಕೊಡುವ ಜಾಗ ಬಿಡಿ. ಹಾಡು ಮನಸ್ಸಿಗೆ ಮುಟ್ಟಿದವರು ಹೆಚ್ಚು ಕೊಡುತ್ತಾರೆ.

ಹೆಜ್ಜೆ 9: ಮನೆಯಿಂದ ಕಚೇರಿ

ಪಟ್ಟಿಯಲ್ಲಿರುವವರಿಗಾಗಿ ಮೂರು ತಿಂಗಳಿಗೊಮ್ಮೆ ಆನ್‌ಲೈನ್ ಬೈಠಕ್ ಮಾಡಿ. ಮೂವತ್ತು ನಲವತ್ತು ಜನ ಬಂದರೆ ಸಾಕು. ವಿಡಿಯೋ ಕರೆಯ ಆ್ಯಪ್‌ಗಳಲ್ಲಿ ಜಿಟ್ಸಿ ಉಚಿತ. ಜೂಮ್‌ನ ಉಚಿತ ಖಾತೆಯಲ್ಲಿ 40 ನಿಮಿಷ ಸಿಗುತ್ತದೆ. ಭಾನುವಾರ ಬೆಳಿಗ್ಗೆ 7 ಗಂಟೆ ಇಟ್ಟರೆ ಅಮೆರಿಕದವರಿಗೆ ಶನಿವಾರ ಸಂಜೆ ಅಥವಾ ರಾತ್ರಿ ಆಗಿರುತ್ತದೆ, ಅವರೂ ಬರುತ್ತಾರೆ.

ಸಂಗೀತಗಾರರು ಮೊದಲು ಮಾಡಬೇಕಾದ ಕೆಲಸ ಒಂದಿದೆ. ಈ ಆ್ಯಪ್‌ಗಳು ಮಾತಿಗಾಗಿ ಮಾಡಿದವು. ಒಂದೇ ಸಮನೆ ಬರುವ ಸದ್ದನ್ನು ಗದ್ದಲ ಅಂತ ತಿಳಿದು ಅಳಿಸುತ್ತವೆ. ಅಂದರೆ ನಿಮ್ಮ ತಂಬೂರದ ಶ್ರುತಿಯೇ ಮಾಯ! ವೀಣೆಯ ಗಮಕವೂ ನಡುನಡುವೆ ತುಂಡಾಗುತ್ತದೆ. ಜೂಮ್‌ನಲ್ಲಿ ‘ಒರಿಜಿನಲ್ ಸೌಂಡ್ ಫಾರ್ ಮ್ಯೂಸಿಶಿಯನ್ಸ್’ ಆಯ್ಕೆ ಹಾಕಿ, ಜಿಟ್ಸಿಯಲ್ಲಿ ಗದ್ದಲ ತಡೆಯುವ ಆಯ್ಕೆಯನ್ನು ಆಫ್ ಮಾಡಿ. ಹಿಂದಿನ ದಿನವೇ ಬೇರೆ ಮನೆಯಿಂದ ಒಬ್ಬರು ಹೆಡ್‌ಫೋನ್ ಹಾಕಿ ಕೇಳಿ ಹೇಳಲಿ. ಇಬ್ಬರು ಬೇರೆ ಬೇರೆ ಊರಿನಲ್ಲಿ ಕೂತು ಒಟ್ಟಿಗೆ ನುಡಿಸಲು ಹೋಗಬೇಡಿ. ಸದ್ದು ತಡವಾಗಿ ತಲುಪುವುದರಿಂದ ತಾಳ ಕೂಡುವುದಿಲ್ಲ.

ಹೆಜ್ಜೆ 10: ಪ್ರತಿ ಇಟ್ಟುಕೊಳ್ಳಿ

ತಿಂಗಳಿಗೊಮ್ಮೆ ಕೇಳುಗರ ಪಟ್ಟಿಯನ್ನು ಇಳಿಸಿಕೊಂಡು ಪಾಸ್‌ವರ್ಡ್ ಹಾಕಿದ ಫೈಲಿನಲ್ಲಿಡಿ. ಮೂಲ ರೆಕಾರ್ಡಿಂಗ್‌ಗಳನ್ನು ಗುಣಮಟ್ಟ ಕುಗ್ಗದ ವೇವ್ ಅಥವಾ ಫ್ಲ್ಯಾಕ್ ರೂಪದಲ್ಲಿ ಎರಡು ಹಾರ್ಡ್‌ಡಿಸ್ಕ್‌ಗಳಲ್ಲಿಡಿ, ಎರಡೂ ಬೇರೆ ಬೇರೆ ಮನೆಯಲ್ಲಿರಲಿ. ಎಲ್ಲರಿಗೂ ಉಚಿತವಾಗಿ ಕೊಡಲು ಮನಸ್ಸಿರುವ ಹಾಡುಗಳನ್ನು ಇಂಟರ್ನೆಟ್ ಆರ್ಕೈವ್ ಅನ್ನುವ ಉಚಿತ ಡಿಜಿಟಲ್ ಗ್ರಂಥಾಲಯಕ್ಕೂ ಹಾಕಬಹುದು. ಡೊಮೇನ್, ಮೇಲ್, ಪಾವತಿ ಖಾತೆಗಳ ವಿವರ ತಂಡದ ಇನ್ನೊಬ್ಬರಿಗೂ ತಿಳಿದಿರಲಿ. ಕೇಳುಗರು ಕೊಟ್ಟ ಚೀಟಿಗಳನ್ನು ಟೈಪ್ ಮಾಡಿ ಒಮ್ಮೆ ತಾಳೆ ನೋಡಿದ ಮೇಲೆ ಹರಿದುಹಾಕಿ, ಎಲ್ಲೆಂದರಲ್ಲಿ ಬಿಡಬೇಡಿ.